ಎಲ್ಲ ಕಿಟಕಿಗೂ ಒಂದೇ ಗಡಿಯಾರ

2012ರ ಏಪ್ರಿಲ್ 2ರಂದು ಕರ್ನಾಟಕದಾದ್ಯಂತ ‘ಸಕಾಲ’ ಜಾರಿಗೆ ಬಂತು. ಅದರ ಹಿಂದಿನ ವರ್ಷ ಮಾಡಿದ ಕಾನೂನಿನಂತೆ 11 ಇಲಾಖೆಗಳ 151 ಸೇವೆಗಳಿಗೆ ಗಡುವು ನಿಗದಿಯಾಯಿತು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡಬೇಕು, ಅರ್ಜಿ ಎಲ್ಲಿದೆ ಎಂದು ಅವರು ಕೇಳಿದರೆ ತಿಳಿಯಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಸಲ್ಲಬೇಕು. ಆ ಹಣ ತಡಮಾಡಿದ ಅಧಿಕಾರಿಯ ಕಿಸೆಯಿಂದಲೇ ಹೋಗಬೇಕು.

ಕಾನೂನಿನ ಭಾಷೆಯಲ್ಲಿ ಇದು ಒಂದೇ ವಿಷಯ: ಪ್ರತಿ ಅರ್ಜಿಗೂ ಒಂದು ಗಡಿಯಾರ. ತಂತ್ರಾಂಶ ಬರೆಯುವವರ ಮೇಜಿಗೆ ಬಂದಾಗ ಅದೇ ವಿಷಯ ನೂರೈವತ್ತು ಚೂರಾಗುತ್ತದೆ. ಪಹಣಿಯ ತಂತ್ರಾಂಶ ಬೇರೆ, ಜಾತಿ-ಆದಾಯ ಪ್ರಮಾಣಪತ್ರದ್ದು ಬೇರೆ, ಚಾಲನಾ ಪರವಾನಗಿಯದ್ದು ಬೇರೆ. ಒಂದೊಂದನ್ನೂ ಒಂದೊಂದು ತಂಡ, ಒಂದೊಂದು ಕಾಲದಲ್ಲಿ ಕಟ್ಟಿದೆ. ಗಡಿಯಾರವನ್ನು ಅರ್ಜಿ ತೆಗೆದುಕೊಳ್ಳುವ ಪರದೆಯಲ್ಲಿ ಇಡಬೇಕೋ, ಕಡತ ಮೇಜಿನಿಂದ ಮೇಜಿಗೆ ಸಾಗುವ ಭಾಗದಲ್ಲೋ, ಎಸ್ಸೆಮ್ಮೆಸ್ ಕಳಿಸುವಲ್ಲೋ, ವರದಿ ತಯಾರಿಸುವಲ್ಲೋ? ಎಲ್ಲ ಕಡೆಯೂ ಅದು ಬೇಕು. ಹಾಗಾಗಿ ಅದರದ್ದೇ ಅಂತ ಒಂದು ಜಾಗ ಎಲ್ಲೂ ಇಲ್ಲ.

ಇಂಥದ್ದನ್ನು ತಂತ್ರಾಂಶದವರು ಕ್ರಾಸ್‌ಕಟಿಂಗ್ ಫೀಚರ್ ಅನ್ನುತ್ತಾರೆ. ಅಡ್ಡಹಾಯುವ ಫೀಚರ್ ಅನ್ನೋಣ. ಒಂದೇ ಕುಟುಂಬದ ಹಲವು ತಂತ್ರಾಂಶಗಳನ್ನು ಒಟ್ಟಿಗೆ ಸಾಕುವ ಕೆಲಸದಲ್ಲಿ ಹೆಚ್ಚು ತಲೆನೋವು ಕೊಡುವುದು ಇದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಕಚೇರಿಗಳ ಕಿಟಕಿಯ ಮುಂದೆ ನಿಂತವರಿಗೂ ಅದರ ಬಿಸಿ ತಟ್ಟುವುದರಿಂದ ಈ ಅಂಕಣದಲ್ಲಿ ಅದನ್ನು ಬಿಡಿಸಿ ನೋಡುತ್ತಿದ್ದೇನೆ.

ಒಂದು ಬೇರು, ಹಲವು ಕವಲು

ತಂತ್ರಾಂಶವನ್ನು ಒಂಟಿಯಾಗಿ ನೋಡದೆ ಕುಟುಂಬವಾಗಿ ನೋಡಬೇಕು ಎಂಬ ಮಾತು ಹೊಸದಲ್ಲ. ಡೇವಿಡ್ ಪಾರ್ನಾಸ್ 1976ರಲ್ಲೇ ಇದನ್ನು ಬರೆದಿದ್ದರು. ಒಂದೇ ಬಗೆಯ ಹಲವು ತಂತ್ರಾಂಶಗಳು ಬೇಕಾದಾಗ, ಅವುಗಳಲ್ಲಿ ಸಮಾನವಾದದ್ದೇನು ಎಂದು ಮೊದಲು ನೋಡಿ, ಆಮೇಲೆ ವ್ಯತ್ಯಾಸಗಳ ಕಡೆ ಹೋಗಿ ಎಂಬುದು ಅವರ ಸಲಹೆ. 1990ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಕ್ಯೊ ಕಾಂಗ್ ಮತ್ತು ಸಂಗಡಿಗರು ಇದಕ್ಕೊಂದು ನಕ್ಷೆ ಹಾಕುವ ಪದ್ಧತಿ ಕೊಟ್ಟರು. ಯಾವ ಫೀಚರ್ ಎಲ್ಲದರಲ್ಲೂ ಇರಲೇಬೇಕು, ಯಾವುದು ಬೇಕಾದರೆ ಮಾತ್ರ, ಯಾವ ಎರಡರಲ್ಲಿ ಒಂದನ್ನೇ ಆರಿಸಬೇಕು, ಯಾವುದು ಬಂದರೆ ಇನ್ನೊಂದೂ ಜೊತೆಗೆ ಬರಬೇಕು ಎಂಬುದೆಲ್ಲ ಆ ಮರದಾಕಾರದ ನಕ್ಷೆಯಲ್ಲಿ ಕಾಣುತ್ತದೆ. ಹೀಗೆ ಸಾಕುವ ಕುಟುಂಬಕ್ಕೆ ಸಾಫ್ಟ್‌ವೇರ್ ಪ್ರಾಡಕ್ಟ್ ಲೈನ್ ಎಂದು ಹೆಸರು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ‘ಭೂಮಿ’. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ, ಎನ್‌ಐಸಿ ಬರೆದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಕಾಲ ಮುಗಿಯಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ತಂತ್ರಾಂಶ ಒಂದೇ ಆದರೂ ತಾಲ್ಲೂಕುಗಳು ಒಂದೇ ಥರ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿಗೆ ಅಂಟಿಕೊಂಡಿವೆ. ಮನೆಮಾತು ತೆಲುಗು, ಕಚೇರಿಯ ಮಾತು ಕನ್ನಡ. ಮಾಲೂರು ತಮಿಳುನಾಡಿನ ಮಗ್ಗುಲಲ್ಲಿದೆ. ಶ್ರೀನಿವಾಸಪುರದ ಪಹಣಿಯಲ್ಲಿ ಮಾವಿನ ತೋಪು ಇದ್ದರೆ ಕೋಲಾರದ ಸುತ್ತ ಟೊಮೆಟೊ, ಹಿಪ್ಪುನೇರಳೆ. ಇವೆಲ್ಲವನ್ನೂ ಒಂದೇ ಬೇರಿನಿಂದ ಕವಲೊಡೆದ ತಂತ್ರಾಂಶ ತಾಳಿಕೊಳ್ಳಬೇಕು.

ಭೂಮಿಯ ಜೊತೆಗೆ ಅದರ ನೆಂಟರೂ ಬಂದರು. ಉಪ ನೋಂದಣಿ ಕಚೇರಿಗೆ ‘ಕಾವೇರಿ’, ಸರ್ವೆಗೆ ‘ಮೋಜಿಣಿ’, ಹೋಬಳಿ ಮಟ್ಟದ ಪ್ರಮಾಣಪತ್ರಗಳಿಗೆ ‘ನಾಡಕಚೇರಿ’, ಗ್ರಾಮ ಪಂಚಾಯಿತಿಯ ಆಸ್ತಿಗಳ 9 ಮತ್ತು 11ನೇ ನಮೂನೆಗಳಿಗೆ ‘ಇ-ಸ್ವತ್ತು’. ಇವನ್ನೆಲ್ಲ ಒಂದೇ ಸಂಸ್ಥೆ ಕಟ್ಟಲಿಲ್ಲ. ಕಾವೇರಿಯನ್ನು ಕಟ್ಟಿದ್ದು ಪುಣೆಯ ಸಿ-ಡ್ಯಾಕ್. ಪಠ್ಯಪುಸ್ತಕದ ಲೆಕ್ಕದಲ್ಲಿ ಇವು ಒಂದೇ ಪ್ರಾಡಕ್ಟ್ ಲೈನ್ ಅನ್ನಿಸಿಕೊಳ್ಳಲಿಕ್ಕಿಲ್ಲ. ಆದರೆ ಜನರ ಪಾಲಿಗೆ ಇವೆಲ್ಲ ಒಂದೇ ಮನೆಯ ಕಿಟಕಿಗಳು. ಅರ್ಜಿ, ಶುಲ್ಕ, ಹೆಸರು, ಸಹಿ, ಗಡುವು, ಕನ್ನಡ ಎಲ್ಲದರಲ್ಲೂ ಇವೆ.

ನರಸಾಪುರದ ಪಾಠ

ಅಡ್ಡಹಾಯುವ ಫೀಚರ್‌ಗಳಲ್ಲಿ ಎರಡು ಜಾತಿ. ಇದನ್ನು ನೋಡಲು ಕೋಲಾರದಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಬಂದರೆ ಸಿಗುವ ನರಸಾಪುರ ಕೈಗಾರಿಕಾ ಪ್ರದೇಶ ಒಳ್ಳೆಯ ಜಾಗ. ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನ ಕಾರ್ಖಾನೆ ಅಲ್ಲಿ ಶುರುವಾದದ್ದು 2013ರಲ್ಲಿ. ಆಮೇಲಿನ ವರ್ಷಗಳಲ್ಲಿ ದೇಶದ ಎಲ್ಲ ವಾಹನ ತಯಾರಕರ ಮೇಲೂ ಎರಡು ನಿಯಮಗಳು ಬಂದವು.

ಮೊದಲನೆಯದು ಬ್ರೇಕಿನದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೂ ಸಾಕಿತ್ತು. ಎರಡನೆಯದು ಹೊಗೆಯದು. 2020ರ ಏಪ್ರಿಲ್ 1ರಿಂದ ಹೊಸದಾಗಿ ಮಾರುವ ಪ್ರತಿ ವಾಹನವೂ ಬಿಎಸ್-6 ಮಟ್ಟಕ್ಕೆ ಬರಬೇಕು. ಎರಡೂ ನಿಯಮ ಎಲ್ಲ ಮಾದರಿಗಳನ್ನೂ ಅಡ್ಡ ಹಾಯ್ದವು. ಹೊಗೆಯ ನಿಯಮಕ್ಕೆ ಹಳೆಯ ಮಾದರಿ, ಹೊಸ ಮಾದರಿ ಎಂಬ ಭೇದವಿರಲಿಲ್ಲ, ಎಲ್ಲರೂ ಒಂದೇ ಮಟ್ಟಕ್ಕೆ ಬರಬೇಕಿತ್ತು. ಬ್ರೇಕಿನ ನಿಯಮ ಮಾತ್ರ ಎಂಜಿನ್ನಿನ ಗಾತ್ರ ನೋಡಿ ರೂಪ ಬದಲಿಸಿತು.

ತಂತ್ರಾಂಶದಲ್ಲೂ ಹೀಗೆಯೇ. ಕೆಲವು ಫೀಚರ್‌ಗಳು ಹೋದಲ್ಲೆಲ್ಲ ಒಂದೇ ಕೆಲಸ ಮಾಡುತ್ತವೆ: ಯಾರು ಯಾವಾಗ ಯಾವ ದಾಖಲೆ ಮುಟ್ಟಿದರು ಎಂದು ಬರೆದಿಡುವುದು, ಕನ್ನಡ ಅಕ್ಷರಗಳನ್ನು ಸರಿಯಾಗಿ ಕೂಡಿಸಿಡುವುದು. ಇನ್ನು ಕೆಲವು ಹೋದಲ್ಲೆಲ್ಲ ಬೇರೆ ವೇಷ ಹಾಕುತ್ತವೆ. ಸಕಾಲದ ಗಡಿಯಾರ ಇವುಗಳಲ್ಲೊಂದು. ಎರಡಕ್ಕೂ ಒಂದೇ ಮದ್ದು ಹಾಕಲು ಹೋದರೆ ಕೆಲಸ ಕೆಡುತ್ತದೆ.

‘ಕೋಲಾರ’ ಸಿಗುವುದಿಲ್ಲ, ‘ಮಾಲೂರು’ ಸಿಗುತ್ತದೆ

ಮೊದಲ ಜಾತಿಯನ್ನು ಹತ್ತಿರದಿಂದ ನೋಡೋಣ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಯೂನಿಕೋಡ್ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಜಾಗವಿದೆ. ಕಾಗುಣಿತ ಕಲಿಸುವಾಗ ಮೇಷ್ಟ್ರು ಎತ್ವಕ್ಕೆ ಕೊಂಬಿನ ಇಳಿ ಸೇರಿದರೆ ಒತ್ವ, ಅದಕ್ಕೆ ದೀರ್ಘ ಕೊಟ್ಟರೆ ಓತ್ವ ಎಂದು ಹೇಳಿಕೊಟ್ಟದ್ದು ನೆನಪಿರಬಹುದು. ಯೂನಿಕೋಡ್ ಕೂಡ ಅದನ್ನೇ ಒಪ್ಪುತ್ತದೆ. ಓತ್ವಕ್ಕೆ ಅಲ್ಲಿ ಒಂಟಿ ಸಂಖ್ಯೆಯೂ ಇದೆ, ಬಿಡಿಬಿಡಿಯಾಗಿ ಕೂಡಿಸಿ ಬರೆಯುವ ದಾರಿಯೂ ಇದೆ.

ಇದರಿಂದಾಗಿ ‘ಕೋಲಾರ’ ಎಂಬ ಹೆಸರನ್ನು ಕಂಪ್ಯೂಟರಿನಲ್ಲಿ ಮೂರು ರೀತಿ ಇಡಬಹುದು. ಓತ್ವವನ್ನು ಒಂದೇ ಸಂಖ್ಯೆಯಾಗಿ ಇಟ್ಟರೆ ಇಡೀ ಹೆಸರಿಗೆ 5 ಸಂಖ್ಯೆ. ಒತ್ವ ಮತ್ತು ದೀರ್ಘ ಎಂದು ಒಡೆದರೆ 6. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಪೂರ್ತಿ ಬಿಡಿಸಿದರೆ 7. ಪರದೆಯ ಮೇಲೆ ಮೂರೂ ಒಂದೇ ಥರ ಕಾಣಬೇಕು. ಆದರೆ ಸಂಖ್ಯೆಗೆ ಸಂಖ್ಯೆ ಹೋಲಿಸಿ ನೋಡುವ ತಂತ್ರಾಂಶಕ್ಕೆ ಅವು ಮೂರು ಬೇರೆ ಬೇರೆ ಊರು. ‘ಶ್ರೀನಿವಾಸಪುರ’ದ ಮೊದಲಕ್ಷರದಲ್ಲಿರುವ ಗುಡಿಸಿನ ದೀರ್ಘಕ್ಕೂ ಇದೇ ಪಾಡು: ಒಂದು ದಾರಿಯಲ್ಲಿ 12 ಸಂಖ್ಯೆ, ಇನ್ನೊಂದರಲ್ಲಿ 13.

‘ಮಾಲೂರು’ ಮತ್ತು ‘ಮುಳಬಾಗಿಲು’ಗಳಲ್ಲಿ ಹೀಗೆ ಒಡೆಯುವ ಚಿಹ್ನೆಗಳೇ ಇಲ್ಲ. ಇಳಿ, ಕೊಂಬು, ಕೊಂಬಿನ ಇಳಿ, ಗುಡಿಸು ಇವೆಲ್ಲ ಒಂಟಿ ಸಂಖ್ಯೆಗಳು. ಹಾಗಾದರೆ ಒಂದು ತಂತ್ರಾಂಶದ ಹುಡುಕುವ ಭಾಗದಲ್ಲಿ ಈ ದೋಷ ಇದೆ ಎಂದಿಟ್ಟುಕೊಳ್ಳಿ. ಅದನ್ನು ಮಾಲೂರಿನಲ್ಲಿ ಎಷ್ಟು ಸಲ ಪರೀಕ್ಷೆಗೆ ಒಡ್ಡಿದರೂ ಊರಿನ ಹೆಸರು ಸಿಗುತ್ತದೆ, ಮುಳಬಾಗಿಲಲ್ಲೂ ಸಿಗುತ್ತದೆ. ಕೋಲಾರಕ್ಕೋ ಶ್ರೀನಿವಾಸಪುರಕ್ಕೋ ಬಂದಾಗ ಕೆಲವು ದಾಖಲೆ ಸಿಗುತ್ತವೆ, ಕೆಲವು ಸಿಗುವುದಿಲ್ಲ.

ಜನರ ಹೆಸರುಗಳಿಗೂ ಇದೇ ಗತಿ. ಕಿಟಕಿಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂದು ಊಹಿಸಿಕೊಳ್ಳಿ.

“ಕಂಪ್ಯೂಟರಲ್ಲಿ ನಿಮ್ಮ ಹೆಸರೇ ಬರ್ತಾ ಇಲ್ವಲ್ಲ, ಯಜಮಾನ್ರೇ.”

“ಏನ್ ಸಾರ್ ಹಿಂಗಂತೀರ! ಪಹಣಿ ಕೈಯಲ್ಲೇ ಐತೆ, ಒಂಬತ್ತನೇ ಕಾಲಂ ನೋಡಿ, ನನ್ನ ಹೆಸ್ರೇ ಇರೋದು.”

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಿಟಕಿಯ ಒಳಗಿರುವವರನ್ನು ಬೈದು ಪ್ರಯೋಜನವಿಲ್ಲ, ಹೊರಗಿರುವವರನ್ನು ಅಫಿಡವಿಟ್ ತನ್ನಿ ಎಂದು ಓಡಾಡಿಸಿಯೂ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಸುಲಭ, ಎಲ್ಲರಿಗೂ ಗೊತ್ತಿರುವುದೇ. ಯೂನಿಕೋಡ್‌ನಲ್ಲೇ ನಾರ್ಮಲೈಸೇಷನ್ ಎಂಬ ಕ್ರಮ ಇದೆ. ಬಿಡಿಬಿಡಿಯಾಗಿ ಬಂದದ್ದನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಅಕ್ಷರ ಒಳಗೆ ಬರುವ ಬಾಗಿಲಲ್ಲೇ ಅದನ್ನು ಮಾಡಿಬಿಟ್ಟರೆ ಮುಗಿಯಿತು. ಆದರೆ ಬಾಗಿಲು ಒಂದೇ ಇರುವುದಿಲ್ಲ. ಆಪರೇಟರ್ ಕೀಲಿಮಣೆಯಿಂದ ಒಂದು, ಬ್ಯಾಂಕಿನಿಂದ ಬರುವ ಕಡತದಿಂದ ಒಂದು, ಹಳೆಯ ನುಡಿ ಫಾಂಟಿನ ದಾಖಲೆಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಒಂದು, ಮೊಬೈಲಿನಿಂದ ಇನ್ನೊಂದು. ಪ್ರತಿ ತಂಡವೂ ತನ್ನ ಬಾಗಿಲಲ್ಲಿ ತಾನೇ ಮಾಡಿಕೊಳ್ಳುತ್ತದೆ ಎಂದು ಬಿಟ್ಟರೆ ಯಾರಾದರೊಬ್ಬರು ಮರೆಯುತ್ತಾರೆ. ಹೋದಲ್ಲೆಲ್ಲ ಒಂದೇ ಕೆಲಸ ಮಾಡುವ ಫೀಚರನ್ನು ಒಂದೇ ಕಡೆ ಬರೆದು, ಎಲ್ಲರೂ ಅದರ ಮೂಲಕವೇ ಹಾದುಹೋಗುವಂತೆ ಕಟ್ಟಬೇಕು. ಇಲ್ಲಿ ವಿನಾಯಿತಿ ಕೊಡಬಾರದು.

ಅದರ ಮಿತಿಯನ್ನೂ ತಿಳಿದಿರಬೇಕು. ಮುಳಬಾಗಿಲನ್ನು ಕೆಲವರು ಮುಳಬಾಗಲು ಎಂದು ಬರೆಯುತ್ತಾರೆ. ಪಹಣಿಯಲ್ಲಿ ಮುನಿವೆಂಕಟಪ್ಪ, ಆಧಾರ್‌ನ ಇಂಗ್ಲಿಷಿನಿಂದ ಮರಳಿ ಬಂದಾಗ ಮುನಿ ವೆಂಕಟಪ್ಪ, ಊರಿನವರ ಬಾಯಲ್ಲಿ ಮುನೆಂಕಟಪ್ಪ. ಇದನ್ನು ಅಕ್ಷರ ಕೂಡಿಸುವ ಯಾವ ಕ್ರಮವೂ ಸರಿಮಾಡಲಾರದು. ಹೆಸರನ್ನು ಗುರುತಿನ ಸಂಖ್ಯೆಯಂತೆ ಬಳಸುವುದನ್ನೇ ನಿಲ್ಲಿಸಬೇಕು. ರೈತರನ್ನು ನೋಂದಾಯಿಸುವ ‘ಫ್ರೂಟ್ಸ್’ ವ್ಯವಸ್ಥೆಯ ರೈತ ಸಂಖ್ಯೆ, ಎಫ್‌ಐಡಿ, ಮಾಡಿರುವುದು ಅದನ್ನೇ. ಮಾವಿಗೆ ತೋಟಗಾರಿಕೆ ಇಲಾಖೆ, ರೇಷ್ಮೆಗೆ ರೇಷ್ಮೆ ಇಲಾಖೆ, ಹಸುವಿಗೆ ಪಶುಸಂಗೋಪನೆ ಎಂದು ಕೋಲಾರ ಸೀಮೆಯ ರೈತ ಮೂರು ಕಡೆ ಓಡಾಡುತ್ತಾನೆ. ಮೂರೂ ಕಡೆ ಒಂದೇ ರೈತ ಸಂಖ್ಯೆ ನಡೆದರೆ ಹೆಸರಿನ ಕಾಗುಣಿತ ಅಡ್ಡ ಬರುವುದಿಲ್ಲ. ಗುರುತು ಎಂಬ ಅಡ್ಡಹಾಯುವ ಫೀಚರಿಗೆ ಒಂದು ಮನೆ ಸಿಕ್ಕಂತಾಯಿತು.

ಗಡಿಯಾರ ಯಾರ ಮಾತು ಕೇಳಬೇಕು?

ಎರಡನೇ ಜಾತಿ ಇಷ್ಟು ಸಲೀಸಲ್ಲ. ಸಕಾಲದ ಗಡಿಯಾರವನ್ನು ಒಂದೇ ಕಡೆ ಬರೆದು ಎಲ್ಲ ಸೇವೆಗಳಿಗೂ ಅಂಟಿಸಿಬಿಡಬಹುದೇ? ಅಂಟಿಸಿದ ಕೂಡಲೇ ಪ್ರಶ್ನೆಗಳ ಸಾಲು ನಿಲ್ಲುತ್ತದೆ.

ಭೂಮಿಯಲ್ಲಿ ಖಾತೆ ಬದಲಾವಣೆಗೆ ಶುರುವಿನಿಂದಲೂ ಒಂದು ಗಟ್ಟಿ ನಿಯಮವಿತ್ತು: ಮೊದಲು ಬಂದ ಅರ್ಜಿ ಮೊದಲು. ಕೈ ಬೆಚ್ಚಗೆ ಮಾಡಿದವರ ಕಡತವನ್ನು ಮೇಲೆತ್ತುವ ಚಾಳಿಗೆ ತಡೆ ಹಾಕಲೆಂದೇ ಅದನ್ನು ತಂತ್ರಾಂಶದಲ್ಲಿ ಬಿಗಿದರು. ಈಗ ಗಡುವು ಬಂತು. ಸೋಮವಾರ ಬಂದ ಅರ್ಜಿಗೆ ದೀರ್ಘ ಗಡುವು, ಮಂಗಳವಾರ ಬಂದದ್ದಕ್ಕೆ ಚಿಕ್ಕ ಗಡುವು ಎಂದಿಟ್ಟುಕೊಳ್ಳಿ. ಸರದಿಯ ನಿಯಮ ಸೋಮವಾರದ್ದನ್ನು ಮೊದಲು ತೆಗೆ ಅನ್ನುತ್ತದೆ, ಗಡಿಯಾರ ಮಂಗಳವಾರದ್ದನ್ನು ತೆಗೆ ಅನ್ನುತ್ತದೆ. ಒಂದೊಂದೇ ನೋಡಿದರೆ ಎರಡೂ ಒಳ್ಳೆಯ ನಿಯಮಗಳೇ. ಒಟ್ಟಿಗೆ ಬಂದಾಗ ಯಾರ ಮಾತು ನಡೆಯಬೇಕು ಎಂಬುದನ್ನು ಎರಡರಲ್ಲಿ ಯಾವ ನಿಯಮವೂ ಹೇಳುವುದಿಲ್ಲ.

ಇದಕ್ಕೆ ಫೀಚರ್ ಇಂಟರಾಕ್ಷನ್ ಎಂದು ಹೆಸರು. ಟೆಲಿಫೋನ್ ಎಂಜಿನಿಯರುಗಳು ಇದನ್ನು ಮೊದಲು ಕಂಡವರು. ನೀವು ಮಾತಾಡುತ್ತಿರುವಾಗ ಬಂದ ಕರೆಯನ್ನು ಕಾಯಿಸುವುದು ಕಾಲ್ ವೇಟಿಂಗ್. ಅದೇ ಕರೆಯನ್ನು ಬೇರೆ ನಂಬರಿಗೆ ತಿರುಗಿಸುವುದು ಕಾಲ್ ಫಾರ್ವರ್ಡಿಂಗ್. ಎರಡನ್ನೂ ಹಾಕಿಸಿಕೊಂಡ ಗ್ರಾಹಕನ ಫೋನು ಏನು ಮಾಡಬೇಕು ಎಂಬುದನ್ನು ಮೂರನೆಯವರು ಯಾರೋ ಕೂತು ತೀರ್ಮಾನಿಸಬೇಕಾಯಿತು.

ಖಾತೆ ಬದಲಾವಣೆಯಲ್ಲಿ ಇನ್ನೂ ಇದೆ. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ನೋಟಿಸು ಕೊಟ್ಟು ಆಕ್ಷೇಪಣೆಗೆ ಕಾಲಾವಕಾಶ ಬಿಡಬೇಕು. ಆ ದಿನಗಳಲ್ಲಿ ಅಧಿಕಾರಿ ಮಾಡುವುದು ಏನೂ ಇರುವುದಿಲ್ಲ. ಗಡಿಯಾರ ಓಡಬೇಕೇ, ನಿಲ್ಲಬೇಕೇ? ದಾಯಾದಿಯೊಬ್ಬ ತಕರಾರು ಹಾಕಿದರೆ ಅದು ವಿಚಾರಣೆಗೆ ಹೋಗುತ್ತದೆ. ಆಗ ಗಡುವು ಏನಾಗುತ್ತದೆ? ಭಾನುವಾರ ಲೆಕ್ಕಕ್ಕೆ ಬರುತ್ತದೆಯೇ? ಸರ್ವರ್ ಡೌನ್ ಆದ ದಿನ ಯಾರ ಖಾತೆಗೆ? ಹೆಚ್ಚು ಸೂಕ್ಷ್ಮವಾದದ್ದು ಮುಂದಿನ ಪ್ರಶ್ನೆ. ‘ದಾಖಲೆ ಸಾಲದು’ ಎಂದು ಗುಂಡಿ ಒತ್ತಿ ಗಡಿಯಾರ ನಿಲ್ಲಿಸುವ ಅಧಿಕಾರ ಗುಮಾಸ್ತರ ಕೈಯಲ್ಲಿದ್ದರೆ ಕಾನೂನಿನ ಹಲ್ಲು ಉದುರಿದ ಹಾಗೆ. ಆ ಅಧಿಕಾರ ಯಾರಿಗೂ ಇಲ್ಲವೆಂದರೆ ಅರ್ಧ ಕಾಗದ ತಂದ ಅರ್ಜಿಗೂ ಅಧಿಕಾರಿ ದಂಡ ತೆರಬೇಕಾಗುತ್ತದೆ, ಆತ ಸುಮ್ಮನೆ ತಿರಸ್ಕರಿಸಿ ಕೈತೊಳೆದುಕೊಳ್ಳುತ್ತಾನೆ.

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದವರು ಸರ್ಕಾರದವರು. ಅವರು ಬರೆದು ಕೊಡದಿದ್ದರೆ ಉತ್ತರ ಹಾಗೇ ಖಾಲಿ ಉಳಿಯುವುದಿಲ್ಲ. ಸಂಜೆ ಐದಕ್ಕೆ ಕೆಲಸ ಮುಗಿಸಬೇಕಾದ ಒಬ್ಬ ಪ್ರೋಗ್ರಾಮರ್ ತನಗೆ ತೋಚಿದ ಹಾಗೆ ಒಂದು ಸಾಲು ಬರೆಯುತ್ತಾನೆ, ಇನ್ನೊಂದು ಇಲಾಖೆಯ ತಂತ್ರಾಂಶದಲ್ಲಿ ಇನ್ನೊಬ್ಬ ಬೇರೆ ರೀತಿ ಬರೆಯುತ್ತಾನೆ. ಒಂದೇ ಕಾನೂನು, ಎರಡು ನ್ಯಾಯ.

ಮೂರು ಗಡಿಯಾರ, ಒಬ್ಬ ರೈತ

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಬೇಕೆಂದರೆ ಮೊದಲು 11ಇ ನಕ್ಷೆ ಆಗಬೇಕು; ಅದು ಮೋಜಿಣಿ. ನಂತರ ಕ್ರಯಪತ್ರದ ನೋಂದಣಿ; ಅದು ಕಾವೇರಿ. ಅಲ್ಲಿಂದ ಮಾಹಿತಿ ಸಾಗಿ ಖಾತೆ ಬದಲಾವಣೆ; ಅದು ಭೂಮಿ. ಬ್ಯಾಂಕಿನ ಸಾಲ ಇದ್ದರೆ 11ನೇ ಕಾಲಂನ ಋಣ ತೀರಿದ್ದಕ್ಕೆ ಬ್ಯಾಂಕಿನಿಂದ ಬೇರೆ ಸಂದೇಶ. ಪ್ರತಿ ತಂತ್ರಾಂಶದ ಒಳಗೂ ಒಂದೊಂದು ಗಡಿಯಾರ ಇಟ್ಟರೆ ಪ್ರತಿ ಇಲಾಖೆಯೂ ತನ್ನ ಗಡುವಿನೊಳಗೆ ಕೆಲಸ ಮುಗಿಸಿ ಶಭಾಸ್ ಅನ್ನಿಸಿಕೊಳ್ಳಬಹುದು. ಒಂದು ಕಿಟಕಿಯಲ್ಲಿ ಮುಗಿದದ್ದು ಇನ್ನೊಂದು ಕಿಟಕಿಯಲ್ಲಿ ಶುರುವಾಗುವ ನಡುವೆ ಕಳೆದ ದಿನಗಳನ್ನು ಯಾವ ಗಡಿಯಾರವೂ ಎಣಿಸುವುದಿಲ್ಲ. ಜಮೀನು ಮಾರಿ ಮಗಳ ಮದುವೆ ಮಾಡಬೇಕಾದವನಿಗೆ ಲೆಕ್ಕ ಆ ದಿನಗಳೂ ಸೇರಿದ್ದು.

ಐಬಿಎಂನ ಸಂಶೋಧಕರಾದ ಪೆರಿ ಟಾರ್, ಹೆರಾಲ್ಡ್ ಆಶರ್ ಮತ್ತು ಸಂಗಡಿಗರು 1999ರಲ್ಲಿ ಇದೇ ಸಂಕಟದ ಬಗ್ಗೆ ಬರೆದಿದ್ದಾರೆ. ತಂತ್ರಾಂಶವನ್ನು ಮೊದಲ ಸಲ ಯಾವ ರೀತಿ ವಿಂಗಡಿಸುತ್ತೇವೋ ಆ ವಿಂಗಡಣೆಯೇ ಮುಂದೆ ದಬ್ಬಾಳಿಕೆ ನಡೆಸುತ್ತದೆ. ಅದಕ್ಕೆ ಹೊಂದದ ಎಲ್ಲವೂ ಚೂರುಚೂರಾಗಿ ಎಲ್ಲ ಭಾಗಗಳಲ್ಲೂ ಚೆಲ್ಲಾಡುತ್ತವೆ ಎಂಬುದು ಅವರ ವಾದ. ನಮ್ಮ ಸರ್ಕಾರಿ ತಂತ್ರಾಂಶಗಳ ಮೊದಲ ವಿಂಗಡಣೆ ಇಲಾಖೆ. ರೈತನ ಕೆಲಸ ಇಲಾಖೆಯ ಗಡಿ ನೋಡಿ ಹುಟ್ಟುವುದಿಲ್ಲ.

ಉಪಾಯಗಳು, ಅವುಗಳ ಮುಳ್ಳು

ಎಂಜಿನಿಯರುಗಳ ಕೈಯಲ್ಲಿ ಇದಕ್ಕೆ ಏನೇನು ಉಪಾಯಗಳಿವೆ? ಹಳೆಯದು, ಈಗಲೂ ಎಲ್ಲೆಡೆ ಇರುವುದು ಷರತ್ತು ಹಾಕುವುದು: ಈ ಸೇವೆಯಾದರೆ ಹೀಗೆ, ಆ ತಾಲ್ಲೂಕಾದರೆ ಹಾಗೆ. ಸಿ ಭಾಷೆಯಲ್ಲಿ ಬರೆಯುವವರು ‘ಇಫ್‌ಡೆಫ್’ ಎಂಬ ಸೂಚನೆಯಿಂದ ಇದನ್ನು ಮಾಡುತ್ತಾರೆ. ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಿರುವ ಲಿನಕ್ಸ್ ಕರ್ನಲ್ ನಡೆಯುತ್ತಿರುವುದೂ ಹೀಗೆಯೇ. ಶುರುವಿನಲ್ಲಿ ಸುಲಭ. ಷರತ್ತಿನೊಳಗೆ ಷರತ್ತು ಸೇರುತ್ತ ಹೋದಂತೆ ಒಂದು ಫೀಚರ್ ಎಲ್ಲೆಲ್ಲಿದೆ ಎಂದು ಬರೆದವರಿಗೂ ತಿಳಿಯದಾಗುತ್ತದೆ.

1997ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದ ಗ್ರೆಗರ್ ಕಿಕ್ಝಾಲೆಸ್ ಮತ್ತು ತಂಡ ಬೇರೆ ದಾರಿ ತೋರಿಸಿತು. ಆಸ್ಪೆಕ್ಟ್ ಎಂಬ ಪ್ರತ್ಯೇಕ ತುಣುಕಿನಲ್ಲಿ ಎರಡು ಮಾತು ಬರೆಯಿರಿ: ಎಲ್ಲೆಲ್ಲಿ ಸೇರಬೇಕು, ಸೇರಿ ಏನು ಮಾಡಬೇಕು. ಉಳಿದ ತಂತ್ರಾಂಶಕ್ಕೆ ಅದರ ಸುದ್ದಿಯೇ ಗೊತ್ತಿರಬೇಕಿಲ್ಲ. ಯಂತ್ರವೇ ಅದನ್ನು ತಕ್ಕ ಜಾಗಗಳಲ್ಲಿ ನೇಯ್ದುಬಿಡುತ್ತದೆ. ‘ಅರ್ಜಿ ಸ್ವೀಕರಿಸು ಎಂದು ಶುರುವಾಗುವ ಪ್ರತಿ ಕಾರ್ಯದ ಕೊನೆಗೂ ಸಂಖ್ಯೆ ಕೊಟ್ಟು ಗಡಿಯಾರ ಚಾಲೂ ಮಾಡು’ ಎಂದು ಒಂದು ಕಡೆ ಬರೆದರೆ ಸಾಕು. ದಾಖಲೆ ಮುಟ್ಟಿದವರ ಲೆಕ್ಕ ಇಡುವಂಥ, ಎಲ್ಲೆಡೆ ಒಂದೇ ರೀತಿಯ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಮುಳ್ಳು ಇರುವುದೂ ಅಲ್ಲೇ. ಮುಂದಿನ ವರ್ಷ ಯಾರೋ ಆ ಕಾರ್ಯದ ಹೆಸರನ್ನು ‘ಅರ್ಜಿ ದಾಖಲಿಸು’ ಎಂದು ಬದಲಿಸುತ್ತಾರೆ. ಆಸ್ಪೆಕ್ಟಿನ ಸುದ್ದಿ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಿಲ್ಲ ಎಂದೇ ಅಲ್ಲವೇ ಹೇಳಿದ್ದು? ತಂತ್ರಾಂಶ ತಕರಾರಿಲ್ಲದೆ ಓಡುತ್ತದೆ, ಅರ್ಜಿಗಳು ಬರುತ್ತವೆ, ಗಡಿಯಾರ ಮಾತ್ರ ಚಾಲೂ ಆಗುವುದಿಲ್ಲ. ಯಾವ ಪರದೆಯ ಮೇಲೂ ಕೆಂಪಕ್ಷರ ಬರುವುದಿಲ್ಲ.

ಮೂರನೇ ದಾರಿ, ಗಡಿಯಾರವನ್ನೇ ಒಂದು ಸ್ವತಂತ್ರ ಸೇವೆಯಾಗಿ ಮಾಡುವುದು. ಇಲಾಖೆಯ ತಂತ್ರಾಂಶಗಳು ‘ಅರ್ಜಿ ಬಂತು’, ‘ನೋಟಿಸು ಹೋಯಿತು’, ‘ತಕರಾರು ಬಿತ್ತು’, ‘ವಿಲೇವಾರಿ ಆಯಿತು’ ಎಂಬ ಸುದ್ದಿಗಳನ್ನಷ್ಟೇ ಕೊಡಬೇಕು. ದಿನ ಎಣಿಸುವ, ನಿಲ್ಲಿಸುವ, ದಂಡ ಲೆಕ್ಕ ಹಾಕುವ ಕೆಲಸ ಪೂರ್ತಿ ಆ ಸೇವೆಯದು. ಯಾವ ಸೇವೆಗೆ ಎಷ್ಟು ದಿನ, ಯಾವ ಘಟನೆಗೆ ನಿಲುಗಡೆ ಎಂಬುದು ಪ್ರೋಗ್ರಾಮಿನ ಸಾಲುಗಳಲ್ಲಿ ಹುದುಗಿರದೆ, ಅಧಿಕಾರಿಯೂ ಓದಬಲ್ಲ ಒಂದು ಕೋಷ್ಟಕದಲ್ಲಿ ಇರಬೇಕು. ರೂಪ ಬದಲಿಸುವ ಜಾತಿಯ ಫೀಚರಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮೂರು ತಂತ್ರಾಂಶ ದಾಟುವ ರೈತನ ಒಟ್ಟು ದಿನಗಳನ್ನು ಎಣಿಸಲೂ ಇಂಥ ಸೇವೆಯಿಂದ ಮಾತ್ರ ಆದೀತು. ಇದಕ್ಕೂ ಬೆಲೆ ಇದೆ: ಆ ಒಂದು ಸೇವೆ ಮಲಗಿದರೆ ಎಲ್ಲ ಕಿಟಕಿಯೂ ಮಲಗುತ್ತದೆ. ಹಾಗಾಗದಂತೆ, ಅದು ಎದ್ದ ಮೇಲೆ ಹಿಂದಿನ ಸುದ್ದಿಗಳನ್ನು ತಲುಪಿಸುವ ಏರ್ಪಾಡು ಪ್ರತಿ ತಂತ್ರಾಂಶದಲ್ಲೂ ಇರಬೇಕು.

ಕೋಷ್ಟಕದ ಮಾತು ಬಂದಾಗ 2007 ನೆನಪಾಗುತ್ತದೆ. ಆ ವರ್ಷ ಕೋಲಾರ ಜಿಲ್ಲೆ ಇಬ್ಭಾಗವಾಗಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. ಜಿಲ್ಲೆಯ ಸಂಖ್ಯೆ ಒಂದೇ ಕೋಷ್ಟಕದಲ್ಲಿದ್ದ ತಂತ್ರಾಂಶಕ್ಕೆ ಅದು ಆರು ಸಾಲಿನ ತಿದ್ದುಪಡಿ. ವರದಿ, ಪರದೆ, ರಸೀತಿ ಎಂದು ಎಲ್ಲೆಂದರಲ್ಲಿ ಬರೆದಿಟ್ಟ ತಂತ್ರಾಂಶಕ್ಕೆ ಅದು ತಿಂಗಳುಗಟ್ಟಲೆಯ ಹುಡುಕಾಟ. ಜಿಲ್ಲೆಯ ಗಡಿಯೂ ಬದಲಾದೀತು ಎಂದು ಮೊದಲೇ ಯೋಚಿಸಿದ್ದರೆ ಮಾತ್ರ ಅಂಥ ಬದಲಾವಣೆ ಸುಸೂತ್ರ.

ಪರೀಕ್ಷೆ ಎಷ್ಟು ಸಾಕು?

ಬೇಕಾದರೆ ಹಾಕಿಕೊಳ್ಳಬಹುದಾದ ಫೀಚರ್‌ಗಳು ಹತ್ತು ಇದ್ದರೆ ಅವುಗಳ ಕೂಡುಬಗೆ 1,024. ಮೂವತ್ತಮೂರು ಇದ್ದರೆ ಸುಮಾರು 859 ಕೋಟಿ, ಜಗತ್ತಿನ ಜನಸಂಖ್ಯೆಗಿಂತ ಹೆಚ್ಚು. ಎಲ್ಲವನ್ನೂ ಪರೀಕ್ಷಿಸಲು ಯಾರಿಂದಲೂ ಆಗದು. ಆದರೆ ಎರಡು ಫೀಚರ್ ಕೂಡಿದಾಗ ಹುಟ್ಟುವ ದೋಷಗಳೇ ಬಹಳ. ಹಾಗಾಗಿ ಪ್ರತಿ ಜೋಡಿಯೂ ಎಲ್ಲ ರೀತಿಯಲ್ಲಿ ಒಮ್ಮೆಯಾದರೂ ಸಂಧಿಸುವಂತೆ ಪರೀಕ್ಷೆಗಳನ್ನು ಆರಿಸುತ್ತಾರೆ. ಹತ್ತು ಫೀಚರಿಗೆ ಹೀಗೆ ಆರಿಸಿದರೆ 1,024ರ ಬದಲು ಆರೇ ಪರೀಕ್ಷೆ ಸಾಕಾಗುತ್ತವೆ. ಗಣಿತದ ಈ ಉಪಕಾರ ದೊಡ್ಡದು.

ಆದರೂ ಇದು ಫೀಚರ್‌ಗಳ ಲೆಕ್ಕ. ಊರಿನ ಹೆಸರಿನಲ್ಲಿ ಓತ್ವ ಇದೆಯೋ ಇಲ್ಲವೋ ಎಂಬುದು ಯಾವ ಫೀಚರ್ ನಕ್ಷೆಯಲ್ಲೂ ಇರುವುದಿಲ್ಲ. ದೋಷ ಸಿಗುವುದು ಮಾತ್ರ ಅಲ್ಲೇ. ಪರೀಕ್ಷೆಗೆ ಎರಡು ತಾಲ್ಲೂಕು ಆರಿಸುವುದಾದರೆ ಹತ್ತಿರದ ಎರಡನ್ನು ಆರಿಸದೆ, ಒಂದಕ್ಕೊಂದು ಹೋಲದ ಎರಡನ್ನು ಆರಿಸಬೇಕು: ಗಡಿಯದೊಂದು, ಒಳನಾಡಿನದೊಂದು, ದೀರ್ಘ ಇರುವುದೊಂದು, ಇಲ್ಲದ್ದೊಂದು. ಇದನ್ನು ಹೇಳಬಲ್ಲವರು ಕಿಟಕಿಯ ಹಿಂದೆ ಕೂತ ಆಪರೇಟರುಗಳು ಮತ್ತು ಹಳ್ಳಿ ಸುತ್ತುವ ಗ್ರಾಮ ಆಡಳಿತಾಧಿಕಾರಿಗಳು. ಅವರನ್ನು ಪರೀಕ್ಷೆಯ ದಿನ ಕರೆಯುವ ಪದ್ಧತಿ ಬರಬೇಕು.

ಹೊಣೆ ಯಾರದು?

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆ ಅಡ್ಡಹಾಯುವ ಫೀಚರ್‌ಗೆ ಸರಿಯಾಗಿ ಒಪ್ಪುತ್ತದೆ. ಭೂಮಿಗೆ ಒಬ್ಬ ಮುಖ್ಯಸ್ಥರಿರುತ್ತಾರೆ, ಕಾವೇರಿಗೆ ಒಬ್ಬರು, ಮೋಜಿಣಿಗೆ ಒಬ್ಬರು. ‘ಹೆಸರಿನ ಹೋಲಿಕೆ’ಗೆ ಯಾರು? ‘ಕನ್ನಡದ ಹುಡುಕಾಟ’ಕ್ಕೆ ಯಾರು? ಸಕಾಲಕ್ಕೆ ಕಾನೂನೇ ಇದ್ದುದರಿಂದ ಅದಕ್ಕೊಂದು ಮಿಷನ್, ಅದಕ್ಕೆ ಅಧಿಕಾರಿಗಳು ಬಂದರು. ಹಾಗಾಗಿ ಗಡುವಿನ ವಿಷಯದಲ್ಲಿ ಕೇಳಲು ಒಂದು ಬಾಗಿಲಾದರೂ ಇದೆ. ಕಾನೂನಿನ ಬೆಂಬಲ ಇಲ್ಲದ ಉಳಿದ ಫೀಚರ್‌ಗಳಿಗೆ ಅದೂ ಇಲ್ಲ.

ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನಕ್ಕೆ ಕಾಯಬೇಕಿಲ್ಲ. ಮುಂದಿನ ಟೆಂಡರ್ ದಾಖಲೆಯಲ್ಲಿ ನಾಲ್ಕು ವಿಷಯ ಬರೆದರೆ ಅರ್ಧ ಕೆಲಸ ಆದಂತೆ. ಈ ತಂತ್ರಾಂಶ ಬೇರೆ ಯಾವ ಯಾವ ತಂತ್ರಾಂಶಗಳೊಂದಿಗೆ ಯಾವ ಫೀಚರ್‌ಗಳನ್ನು ಹಂಚಿಕೊಳ್ಳುತ್ತದೆ ಎಂಬ ಪಟ್ಟಿ. ಆ ಪ್ರತಿಯೊಂದಕ್ಕೂ ಹೊಣೆ ಹೊರುವ ಒಂದು ಹುದ್ದೆ. ಎಲ್ಲೆಡೆ ಒಂದೇ ರೀತಿ ನಡೆಯುವಂಥದ್ದನ್ನು ಗುತ್ತಿಗೆದಾರರು ಹೊಸದಾಗಿ ಬರೆಯದೆ ಇರುವುದನ್ನೇ ಬಳಸಬೇಕೆಂಬ ಷರತ್ತು. ಎರಡು ನಿಯಮ ಎದುರುಬದುರಾದಾಗ ಯಾವುದು ಮೇಲು ಎಂಬ ಲಿಖಿತ ತೀರ್ಮಾನ, ಅದಕ್ಕೆ ಇಲಾಖೆಯ ಸಹಿ.

ಕೊನೆಯ ಸಹಿ ಎಲ್ಲಕ್ಕಿಂತ ಮುಖ್ಯ. ಸರದಿ ಮೇಲೋ ಗಡುವು ಮೇಲೋ ಎಂಬುದು ಆಡಳಿತದ ತೀರ್ಮಾನ. ಅದನ್ನು ಜನ ಪ್ರಶ್ನಿಸಬಹುದು, ಶಾಸಕರು ಸದನದಲ್ಲಿ ಕೇಳಬಹುದು, ನ್ಯಾಯಾಲಯ ತಿದ್ದಬಹುದು. ಅದೇ ತೀರ್ಮಾನ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಅವಿತು ಕೂತಿದ್ದರೆ ಅದು ಇದೆ ಎಂದೇ ಯಾರಿಗೂ ತಿಳಿಯುವುದಿಲ್ಲ. ‘ಕಂಪ್ಯೂಟರ್ ತಗೊಳ್ತಾ ಇಲ್ಲ’ ಎಂಬ ಉತ್ತರ ಕೇಳಿದಾಗ, ತಗೊಳ್ಳಬೇಡ ಎಂದು ಹೇಳಿದವರು ಯಾರು, ಯಾವ ಆದೇಶದಲ್ಲಿ ಎಂದು ಬರಹದಲ್ಲೇ ಕೇಳಿ. ಉತ್ತರ ಕೊಡಬೇಕಾದ ಹುದ್ದೆ ಯಾವುದು ಎಂದು ಇಲಾಖೆಗಳು ಹುಡುಕಲು ಶುರುಮಾಡಿದರೂ ಕೆಲಸ ಮುಂದಕ್ಕೆ ಸಾಗುತ್ತದೆ.